ವಿಂಧ್ಯ ಬಗ್ಗಿದ ಮಧ್ಯಾಹ್ನ

ಸೋಮಶೇಖರ ಹೊಗೆಸೊಪ್ಪು ವಿಂಗಡಿಸೋಕೆ ಕೂತ ಅಂದ್ರೆ ಸೊಪ್ಪಿನ ರಾಶಿ ಹಿಂದೆ ಆಳು ಕಾಣ್ತಿರಲಿಲ್ಲ, ದನಿ ಮಾತ್ರ ಕೇಳೋದು. ಆ ದನಿ ಎಂಥದ್ದು ಅಂತೀರಿ. ನಂಜಯ್ಯನ ಶೆಡ್ಡಲ್ಲಿ ಕೂತು ಅವನೊಂದು ರಾಗ ಎಳೆದ್ರೆ ಗುರುಪುರದ ಸರ್ಕಲ್ಲಲ್ಲಿ ಬಸ್ ಡ್ರೈವರು ಹಿಂದಗಡೆ ಲಾರಿ ಹಾರನ್ ಹೊಡೀತು ಅಂತ ಸೈಡು ಬಿಡ್ತಿದ್ದ. ಬಸ್ಸಲ್ಲಿ ಕೂತಿದ್ದೋರೇ ಹೇಳಿದ ಮಾತಿದು, ಸುಳ್ಳಾಗೋದು ಹೆಂಗೆ.

ದನಿ ಅಷ್ಟುದ್ದ, ಆಳು ಮೂರೂವರೆ ಅಡಿ. ವಯಸ್ಸು ನಲವತ್ತೈದು. ಸೊಪ್ಪಿನ ಎಲೆ ಕೈಗೆ ಸಿಕ್ರೆ ಸಾಕು, ಕಣ್ಮುಚ್ಕೊಂಡು ಇದು ಬುಡದ್ದು, ಇದು ತುದೀದು ಅಂತ ಹೇಳೋನು. ಊರಲ್ಲಿ ಎಲ್ಲರ ಸೊಪ್ಪೂ ಅವನ ಕೈ ಮೇಲೇ ಹೋಗ್ಬೇಕು. ಆದ್ರೂ ಊರಿಗೆ ಅವನು 'ಮೊಳದ ಸೋಮ'. ಅವನೂ ನಕ್ಕೊಂಡು "ಏನ್ಲಾ" ಅಂತ ತಿರುಗೋನು. ನಲವತ್ತೈದು ವರ್ಷ ನಕ್ಕಿದ್ದ, ಅಭ್ಯಾಸ ಆಗ್ಹೋಗಿತ್ತು.

ಅವತ್ತು ಸಂಜೆ ನಾಲ್ಕೂವರೆಗೆ ಮಗಳು ಭಾವನಾ ಸ್ಕೂಲು ಬ್ಯಾಗು ಹಾಕ್ಕೊಂಡೇ ಶೆಡ್ಡಿಗೆ ಬಂದ್ಳು. ಎಂಟನೇ ಕ್ಲಾಸು. ಈಗಾಗ್ಲೇ ಅಪ್ಪನಿಗಿಂತ ಎರಡು ಗೇಣು ಎತ್ತರ.

"ಅಪ್ಪಾ, ಈ ಸಲ ಆಡಾಗಬ್ಯಾಡ ಕಣಪ್ಪ."

"ಯಾಕವ್ವಾ?"

"ಮಿಸ್ ಆಜರಿ ಕೂಗ್ತಾರಲ್ಲ, ನನ್ನೆಸರು ಬಂದೇಟ್ಗೆ ನಾನು ಎಸ್ ಮಿಸ್ ಅನ್ನೋ ಮುಂಚೆ ಇಂದ್ಗಡೆ ಬೆಂಚಿಂದ 'ಮ್ಯಾ' ಅಂತಾರೆ. ಇವತ್ತು ಮಿಸ್ಸೂ ನಕ್ಬುಟ್ರು."

ಸೋಮನ ಹತ್ರ ಎಲ್ಲದಕ್ಕೂ ಒಂದು ತಮಾಷೆ ರೆಡಿ ಇರ್ತಿತ್ತು. ಅವತ್ತು ಕೈಲಿದ್ದ ಎಲೆ ಯಾವ ಗುಡ್ಡೆಗೆ ಹಾಕ್ಬೇಕು ಅನ್ನೋದೂ ಮರೆತೋಯ್ತು.

ಆಡಿನ ಕತೆ ಹಿಂಗೆ. ಆ ಊರಲ್ಲಿ ಶಿವರಾತ್ರಿ ಆದ ಮೂರನೇ ದಿನ ಅಗಸ್ತ್ಯ ಮಹರ್ಷಿ ನಾಟಕ ಆಡ್ತಾರೆ. ಬೇರೆ ಊರೋರು ರಾತ್ರಿ ಇಡೀ ಆಡಿದ್ರೆ ಇವ್ರು ಹಗಲಲ್ಲಿ ಆಡ್ತಾರೆ. ಹಿಂದೆ ರಾತ್ರೀನೇ ಆಡ್ತಿದ್ರು. ಒಂದ್ಸಲ ಶಂಖ ಊದಿದ್ದಕ್ಕೆ ಕಾಡಿಂದ ಒಂಟಿಸಲಗ ಜವಾಬು ಕೊಡ್ತು. ಜನ ಓಡಿದ ಓಟಕ್ಕೆ ಬೆಳಗಾನ ನೋಡಿದ್ರೆ ಅರ್ಧ ಊರು ಪಿರಿಯಾಪಟ್ಟಣದಲ್ಲಿತ್ತು, ರಾಕ್ಷಸರು ಬಣ್ಣದ ಸಮೇತ ಕಾಫಿ ಕುಡೀತಿದ್ರು. ಅವತ್ತಿಂದ ಮಧ್ಯಾಹ್ನದ ಆಟ.

ನಾಟಕದಲ್ಲಿ ಪಾತ್ರ ಮನೆತನಕ್ಕೆ ಸೇರಿದ್ದು. ಅಗಸ್ತ್ಯನ ಪಾತ್ರ ಊರ ಯಜಮಾನ್ರು ಚಿಕ್ಕಬಸಪ್ಪನ ಮನೇದು. ಅವರ ತಾತ ಮಾಡಿದ್ರು, ಅಪ್ಪ ಮಾಡಿದ್ರು, ಈಗ ಅವ್ರು ಮಾಡ್ತಾವ್ರೆ. ಸೋಮನಿಗೆ ಹದಿನೈದು ತುಂಬಿದ ವರ್ಷ ಯಾರೋ "ಈ ಉಡ್ಗ ಆಡಿನ ತೊಗಲೊಳಕ್ಕೆ ಸರಿಯಾಗಿ ಕೂರ್ತಾನೆ" ಅಂದ್ರು. ಅಷ್ಟೇ, ಆಡಿನ ಪಾತ್ರ ಅವನಿಗೆ ಅಂಟ್ಕೊಂಡ್ತು. ವಾತಾಪಿ ಅನ್ನೋ ರಾಕ್ಷಸ ಆಡಾಗಿ ಬರ್ತಾನೆ. ಅವನ ಅಣ್ಣ ಇಲ್ವಲ ಆ ಆಡನ್ನ ಕೊಯ್ದು ಬೇಯಿಸಿ ಊಟಕ್ಕೆ ಕರೆದೋರಿಗೆ ಬಡಿಸ್ತಾನೆ. ಉಂಡ ಮೇಲೆ "ವಾತಾಪಿ, ಆಚೆ ಬಾ" ಅಂತಾನೆ, ಉಂಡೋರ ಹೊಟ್ಟೆ ಬಿರ್‍ಕೊಂಡು ಇವನು ಈಚೆ ಬರ್ತಾನೆ. ಅಗಸ್ತ್ಯರು ಮಾತ್ರ ಉಂಡು, ಹೊಟ್ಟೆ ಸವರಿ, "ವಾತಾಪಿ ಜೀರ್ಣವಾಗು" ಅಂದುಬಿಟ್ರು, ಅಲ್ಲಿಗೆ ಮುಗೀತು. ಇವತ್ತಿಗೂ ಆ ಊರಲ್ಲಿ ಕೂಸಿಗೆ ಹಾಲು ಕುಡಿಸಿ ಹೊಟ್ಟೆ ನೀವೋವಾಗ ಅಜ್ಜಿಯರು ಅದನ್ನೇ ಹೇಳೋದು.

ಕತೆಯೇನೋ ಚೆಂದ. ಆದ್ರೆ ಆಡಾದೋನು ಅರ್ಧ ಗಂಟೆ ಗೂಟಕ್ಕೆ ಕಟ್ಟಿಸ್ಕೊಂಡು ನಾಲ್ಕು ಕಾಲಲ್ಲಿ ನಿಲ್ಬೇಕು. ಬಾಲ ಎಳೆಯೋರು ಎಳೀತಾರೆ, ಬಾಳೆಹಣ್ಣಿನ ಸಿಪ್ಪೆ ಎಸೆಯೋರು ಎಸೀತಾರೆ. ಗುರುಪುರದ ಬಸ್ಸನ್ನೇ ಪಕ್ಕಕ್ಕೆ ಸರಿಸೋ ದನಿ ಇಟ್ಕೊಂಡು ಸೋಮ ಮೂವತ್ತು ವರ್ಷ "ಮ್ಯಾ" ಅಂದಿದ್ದ.

ಆಟದ ಮುಂಚಿನ ವಾರ ಅರಳಿಕಟ್ಟೇಲಿ ಪಾತ್ರ ಹಂಚೋಕೆ ಎಲ್ರೂ ಸೇರಿದ್ರು. ಹಂಚೋಕೇನಿದೆ, ಹೋದ ವರ್ಷದ ಹೆಸರನ್ನೇ ಓದೋದು. ಚಿಕ್ಕಬಸಪ್ಪ ಮರಕ್ಕೆ ಒರಗಿ ಕೂತಿದ್ರು. ಆರೂಕಾಲಡಿ ಆಳು. ಕೂತ್ರೂ ಬೇರೆಯೋರು ನಿಂತಂಗೆ.

"ಆಡು, ಮೊಳದ ಸೋಮ" ಅಂತ ಓದಿದ್ರು.

"ಇಲ್ಲ ಯಜಮಾನ್ರೆ. ಈ ಸಲ ಆಡಾಗಕಿಲ್ಲ" ಅಂದ ಸೋಮ.

"ಮತ್ತೇನಾಯ್ತೀಯೆ, ಆನೆಯಾ?" ಅಂದ ನಂಜಯ್ಯ. ಎಲ್ರೂ ನಕ್ರು.

"ಅಗಸ್ತ್ಯ ಆಯ್ತೀನಿ."

ಆಗ ನಕ್ಕ ನಗು ಇದೆಯಲ್ಲ, ಅರಳಿಮರದ ಕಾಗೆಗಳೆಲ್ಲ ಎದ್ದು ಹೆಗ್ಗಡದೇವನಕೋಟೆ ಕಡೆ ಹೋದವು, ಎರಡು ದಿನ ವಾಪಸ್ ಬರಲಿಲ್ಲ. ಚಿಕ್ಕಬಸಪ್ಪ ಮಾತ್ರ ನಗಲಿಲ್ಲ.

"ಕೂತ್ಕಳಯ್ಯ. ನಾನು ಕೆಟ್ಟ ಮನ್ಸ ಅಲ್ಲ, ನಿನ್ನ ಒಳ್ಳೇದಕ್ಕೇ ಏಳ್ತೀನಿ. ಕಂಠ ನಿಂದೇ, ಒಪ್ಕತೀನಿ. ಪದ ಎಲ್ಲ ನಿಂಗ್ ಬಾಯಿಗ್ ಬತ್ತದೆ, ಅದ್ನೂ ಒಪ್ಕತೀನಿ. ಆದ್ರೆ ರಿಷಿ ಅಂದ್ರೆ ಕಂಡೇಟ್ಗೆ ಕೈ ಮುಗೀಬೇಕು. ನೀನು ಬಂದ್ರೆ ಜನ ನಗ್ತಾರೆ. ನಗು ಬಂತು ಅಂದ್ರೆ ರಿಷಿ ಓಯ್ತು, ನಾಟ್ಕ ಓಯ್ತು, ನಿನ್ನ ಮರ್ವಾದೀನೂ ಓಯ್ತು."

"ನಗ್ತಾರೆ ಅಂತ ಗೊತ್ತು ಯಜಮಾನ್ರೆ. ಮೂವತ್ ವರ್ಸದಿಂದ ನಗ್ತಾನೇ ಅವ್ರೆ. ಆಡಾಗಿದ್ದಾಗ ಎಲ್ಲಿತ್ತು ನನ್ನ ಮರ್ವಾದಿ?"

"ಅದು ತಮಾಸೆ ಕಣ್ಲಾ."

"ನನ್ನ ಮಗ್ಳು ಸ್ಕೂಲ್ಗೆ ಓಯ್ತಾಳೆ. ಅವಳಿಗೆ ತಮಾಸೆ ಆಗ್ನಿಲ್ಲ."

ಚಿಕ್ಕಬಸಪ್ಪ "ಪಾತ್ರ ಮನೆತನದ್ದು, ನಾನೊಬ್ಬ ಬುಟ್ಕೊಡಕ್ಕಾಗಲ್ಲ" ಅಂತ ಹೇಳಿ ಎದ್ರು. "ಆಡಾಗೋದಾದ್ರೆ ಆಗು, ಇಲ್ದಿದ್ರೆ ನೋಡೋಕ್ ಬಾ."

ಮಾರನೇ ದಿನ ಹುಣಸೂರಿಗೆ ಹೋಗಿ ಶಾಮಿಯಾನ, ಪರದೆ ಮಾತಾಡ್ಕೊಂಡು ಬರೋ ಕೆಲಸ. ನಂಜಯ್ಯನ ಟೆಂಪೋ. ಸೋಮನೂ ಹತ್ಕೊಂಡ, ಸೊಪ್ಪಿನ ಗೋಣಿಚೀಲ ತರೋದಿತ್ತು.

ನಂಜಯ್ಯಂದು ವಿಂಧ್ಯ ಪರ್ವತದ ಪಾತ್ರ. ಅದರದ್ದೊಂದು ಗೋಳಿತ್ತು. ವಿಂಧ್ಯ ಸೊಕ್ಕಿನಿಂದ ಬೆಳೆದು ಬೆಳೆದು ಸೂರ್ಯನಿಗೇ ದಾರಿ ಕಟ್ಟಿತ್ತು. ಅಗಸ್ತ್ಯರು ತೆಂಕಣಕ್ಕೆ ಹೊರಟು ಬಂದು, "ಬಗ್ಗಪ್ಪ, ನಾನು ವಾಪಸ್ ಬರೋ ತನಕ ಹಂಗೇ ಇರು" ಅಂದ್ರು. ಬೆಟ್ಟ ಬಗ್ಗಿತು. ಅವ್ರು ಬಂದೋರು ಇಲ್ಲೇ ಉಳಿದ್ರು, ವಾಪಸ್ ಹೋಗಲೇ ಇಲ್ಲ. ಸರಿ, ಆರೂಕಾಲಡಿ ಅಗಸ್ತ್ಯನ ಮುಂದೆ ಐದಡಿ ನಂಜಯ್ಯ ನಿಂತ್ರೆ ಬೆಟ್ಟ ಹುತ್ತದಂಗೆ ಕಾಣೋದು. ಮೊದಲ ವರ್ಷ ನಂಜಯ್ಯನ ಸ್ಟೂಲು ಹತ್ತಿಸಿದ್ರು. ಸಾಲಲಿಲ್ಲ. ಆಮೇಲೆ ಡ್ರಮ್ಮು. ಆಮೇಲೆ ಏಣಿ. ಹೋದ ವರ್ಷ ಎತ್ತಿನ ಗಾಡಿ ಮೇಲೆ ಏಣಿ, ಏಣಿ ಮೇಲೆ ನಂಜಯ್ಯ. ಬೆಟ್ಟ ಬಗ್ಗೋ ಬದಲು ಬಿತ್ತು. ಕೆ.ಆರ್. ನಗರದಿಂದ ಬಂದಿದ್ದ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆ ಮೇಲೆ ಬಿದ್ದ ಏಟಿಗೆ ಅದು ಸರಿಗಮದ ಎಲ್ಲ ಸ್ವರಾನೂ ಒಂದೇ ಸಲ ನುಡಿದು ಪ್ರಾಣ ಬಿಡ್ತು. ಬೆಟ್ಟ ಎತ್ತರ ಮಾಡೋಕೆ ಊರೆಲ್ಲ ಯೋಚನೆ ಮಾಡಿತ್ತು. ರಿಷಿ ಎತ್ತರ ಸರಿಯಾಗಿದೆಯಾ ಅಂತ ಒಬ್ಬರೂ ಕೇಳಿರಲಿಲ್ಲ.

ಶಾಮಿಯಾನದ ಮಕ್ಬೂಲು ನಾಟಕದ ಪರದೇನೂ ಬರೆಯೋರು. ಅವರ ತಂದೆ ಕಾಲದಿಂದ ಅದೇ ಕಸುಬು. ಈ ಸಲ ಬೆಟ್ಟ ಇನ್ನೂ ಏರಿಸ್ಬೇಕು ಅನ್ನೋ ನಂಜಯ್ಯನ ಮಾತು ಕೇಳಿ ಅವರು ಬೇಡ ಅಂತ ಕೈ ಆಡಿಸಿದ್ರು.

"ಇಲ್ಲ ನಂಜಯ್ಯ. ನಂದು ಶಾಮಿಯಾನ ಹದಿನಾಲ್ಕಡಿ. ನಿಮ್ದು ಬೆಟ್ಟ ವರ್ಷ ವರ್ಷ ಬೆಳೀತಾನೇ ಇದೆ. ಇನ್ನೂ ಏರಿದ್ರೆ ತೂತು ಮಾಡ್ಕೊಂಡೇ ಹೋಗ್ಬೇಕು. ಬೆಟ್ಟ ಏರಿಸೋದು ಬಿಟ್ಟು ರಿಷೀನ ಇಳ್ಸಿ."

"ರಿಷೀನ ಇಳ್ಸದಾ?"

"ಹೂಂ. ನಮ್ಮ ಅಬ್ಬಾ ಮೊದಲು ಬರ್ದಿದ್ರಲ್ಲ, ಆ ಪರದೆ ನೋಡಿಲ್ವಾ?" ಅಂದು ಮಕ್ಬೂಲು ಗೋಡೌನಿನ ಅಟ್ಟದಿಂದ ಒಂದು ಸುತ್ತಿದ ಬಟ್ಟೆ ಎಳೆದು, ಧೂಳು ಕೊಡವಿ, ನೆಲದ ಮೇಲೆ ಬಿಡಿಸಿದ್ರು.

ಸೋಮ ನೋಡಿದ. ದೊಡ್ಡದೊಂದು ನೀಲಿ ಬೆಟ್ಟ, ಮೋಡ ಮುಟ್ಟೋವಂಥದ್ದು, ತಲೆ ಬಗ್ಗಿಸಿ ನಿಂತದೆ. ಅದರ ಮುಂದೆ ಗಡ್ಡ ಬಿಟ್ಟ ಒಬ್ಬ ಮುನಿ, ಕೈಯಲ್ಲಿ ಕಮಂಡಲ, ಗುಂಡನೆ ಹೊಟ್ಟೆ. ಎತ್ತರ ಬೆಟ್ಟದ ಮೊಣಕಾಲಷ್ಟು. ಸೋಮ ಆ ಚಿತ್ರದ ಪಕ್ಕ ಹೋಗಿ ಮಲಗಿಕೊಂಡ, ತಲೆಗೆ ತಲೆ, ಕಾಲಿಗೆ ಕಾಲು. ಸರಿಸಮ.

"ನಿಮ್ಮೂರ ಹಳೇ ಯಜಮಾನ್ರು ಇದನ್ನ ವಾಪಸ್ ಕಳ್ಸಿದ್ರು" ಅಂದ್ರು ಮಕ್ಬೂಲು. "ಬಟ್ಟೆ ಉಳ್ಸೋಕೆ ರಿಷೀನ ಕುಳ್ಳ ಮಾಡಿದೀಯಾ ಸಾಬಿ ಅಂತ ಬೈದ್ರಂತೆ. ಅಬ್ಬಾ ಬೇರೇದು ಬರ್ಕೊಟ್ರು, ಬದುಕಬೇಕಲ್ಲ. ಆದ್ರೆ ಅಬ್ಬಾ ಸುಮ್ನೆ ಬರೆಯೋರಲ್ಲ. ದೇವಸ್ಥಾನದ ಅಯ್ನೋರ್ನ ಕೇಳ್ಕೊಂಡು ಬಂದೇ ಬರೀತಿದ್ದಿದ್ದು. ಅಗಸ್ತ್ಯರು ಕೊಡದಲ್ಲಿ ಹುಟ್ಟಿದ್ದಂತೆ. ಆಳು ಗಿಡ್ಡ. ಸಮುದ್ರಾನೇ ಬೊಗಸೇಲಿ ಕುಡಿದ್ರಂತೆ. ನಿಮ್ಮ ಕಾವೇರಿ ಇದಾಳಲ್ಲ, ಅವರ ಕಮಂಡಲದಲ್ಲೇ ಇದ್ದಿದ್ದಂತೆ."

ನಂಜಯ್ಯ ತಲೆ ಕೆರ್‍ಕೊಂಡ. "ಅಂಗಾದ್ರೆ ನಾನು ಇಷ್ಟ್ ವರ್ಸ ಏಣಿ ಅತ್ತಿದ್ದು?"

"ಸುಮ್ನೆ" ಅಂದ್ರು ಮಕ್ಬೂಲು.

ಸೋಮ ಮೇಲೆದ್ದ, ಧೂಳು ಕೊಡವಿಕೊಂಡ. "ಮಕ್ಬೂಲ್ ಭಾಯ್, ಈ ಪರದೆ ಒಂದಿನಕ್ಕೆ ಕೊಡ್ತೀರಾ?"

"ತಗೊಂಡ್ಹೋಗು. ಅಬ್ಬಾಂದೂ ಒಂದ್ಸಲ ಜನ ನೋಡ್ಲಿ."

ಅವತ್ತು ಸಂಜೆ ಪ್ರಾಕ್ಟೀಸು ನಡೆಯೋ ಸೊಸೈಟಿ ಅಂಗಳದಲ್ಲಿ ಸೋಮ ಪರದೆ ಬಿಡಿಸಿದ. ಜನ ಸುತ್ತ ನಿಂತ್ರು. ಮೇಷ್ಟ್ರು ಕನ್ನಡಕ ಹಾಕ್ಕೊಂಡು ನೋಡಿ, "ಅದ್ ಸರೀನೇ ಕಣ್ರಪ್ಪಾ. ಕುಳ್ಳ ಮುನಿ ಅಂತಾನೇ ಏಳೋದು ಅವರ್ನ. ನೀವು ಕೇಳ್ನಿಲ್ಲ, ನಾನ್ ಏಳ್ನಿಲ್ಲ" ಅಂದ್ರು. ಹೊಸ ಪೆಟ್ಟಿಗೆಗೂ ಬೆಟ್ಟ ಬೀಳದಿದ್ರೆ ಸಾಕು ಅನ್ನೋದು ಅವರ ಚಿಂತೆ.

ಚಿಕ್ಕಬಸಪ್ಪ ಬಹಳ ಹೊತ್ತು ನೋಡಿದ್ರು. "ಬಟ್ಟೆ ಮೇಲೆ ಇರ್ಲಿ ಬುಡಿ. ಬಟ್ಟೆ ನೋಡಿ ಯಾರೂ ನಗಲ್ಲ. ಮೊದ್ಲು ಆಡು ಯಾರು, ಅದ್ನ ಏಳಿ. ಸೋಮ ಒಲ್ಲೆ ಅಂತಾವ್ನೆ. ನಂಜಯ್ಯ, ನೀನಾಗಲಾ."

"ನಾನ್ಯಾಕಣ್ಣಾ? ನನ್ನ ಅಳಿಯ ಬತ್ತಾನೆ ನಾಟ್ಕಕ್ಕೆ."

ಇನ್ನೊಬ್ಬನ ಕೇಳಿದ್ರು. ಅವನಿಗೆ ಸೊಂಟ ನೋವು. ಮತ್ತೊಬ್ಬನಿಗೆ ಹೆಣ್ಣು ನೋಡ್ತಾವ್ರೆ. ಮಗದೊಬ್ಬ ಬೀಡಿ ತರ್ತೀನಿ ಅಂತ ಎದ್ದೋನು ಅಂಗಡಿ ದಾಟಿ ಹೋಗ್ತಾನೇ ಇದ್ದ. ಹತ್ತು ಜನ, ಹತ್ತು ನೆಪ. ಸೋಮ ಒಂದು ಮೂಲೇಲಿ ಕೂತು ಕೇಳ್ತಿದ್ದ.

ಚಿಕ್ಕಬಸಪ್ಪನಿಗೆ ರೇಗಿತು. "ಏನ್ರಲಾ, ಒಂದ್ ಆಡಾಗಕ್ಕೆ ಇಷ್ಟ್ ರಾಜಕೀಯನಾ? ಕೊಡಿಲ್ಲಿ ತೊಗಲು. ಎಷ್ಟ್ ಸಲೀಸು ಅಂತ ತೋರಿಸ್ತೀನಿ." ಅಂದೋರೇ ಪಂಚೆ ಎತ್ತಿ ಕಟ್ಟಿ, ತೊಗಲು ಹೊದ್ದು, ನಾಲ್ಕು ಕಾಲಲ್ಲಿ ನಿಂತ್ರು. ತೊಗಲು ಅರ್ಧ ಬೆನ್ನಿಗೂ ಸಾಲಲಿಲ್ಲ. "ಮ್ಯಾ" ಅಂದ್ರು.

ಅವರ ಮೊಮ್ಮಗಳು, ಐದು ವರ್ಷದ್ದು, ಅಜ್ಜಿ ಕೈ ಬಿಡಿಸ್ಕೊಂಡು ಓಡಿಬಂತು. ಅಂಗಳದ ಬದೀಲಿದ್ದ ಒಂದು ಹಿಡಿ ಹುಲ್ಲು ಕಿತ್ತು ತಾತನ ಬಾಯಿಗೆ ಹಿಡೀತು. "ತಿನ್ನು ತಾತ. ತಿನ್ನು."

ಎಲ್ರೂ ನಕ್ರು. ತಾತ ಮುಖ ಆ ಕಡೆ ತಿರುಗಿಸಿದ್ರೆ ಕೂಸು ಆ ಕಡೆ ಹೋಗಿ ಹಿಡೀತು. ಯಾರೋ ಹಿಂದಿಂದ ಬಾಲ ಎಳೆದು ಹಾಕಿದ್ರು. ನಗು ಜಾಸ್ತಿ ಆಯ್ತು. ನೆಲಕ್ಕೆ ಕೈಯೂರಿದೋನಿಗೆ ಯಾರ ಮುಖಾನೂ ಕಾಣಲ್ಲ, ಚಪ್ಪಲಿ ಮಾತ್ರ ಕಾಣ್ತವೆ. ಅಷ್ಟು ಚಪ್ಪಲಿ ನಡುವೆ ಮೂಲೇಲಿ ಒಂದು ಜೊತೆ ಪುಟ್ಟ ಚಪ್ಪಲಿ ಅಲ್ಲಾಡದೆ ಇದ್ದಿದ್ದು ಚಿಕ್ಕಬಸಪ್ಪನಿಗೆ ಕಾಣ್ತು.

ಅವ್ರು ಎದ್ದು ತೊಗಲು ಮಡಚಿ ಕಟ್ಟೆ ಮೇಲಿಟ್ರು. ಮೊಮ್ಮಗಳನ್ನ ಎತ್ಕೊಂಡು ಮನೆಗೆ ಹೋದ್ರು.

ಬೆಳಿಗ್ಗೆ ಸೋಮ ಹಲ್ಲುಜ್ಜುತಾ ಇದ್ದಾಗ ಬಾಗಿಲ ಮುಂದೆ ನೆರಳು ಬಿತ್ತು. ಚಿಕ್ಕಬಸಪ್ಪ, ಕೈಲೊಂದು ಚೀಲ. ಸೋಮನ ಹೆಂಡ್ತಿ ಭಾಗ್ಯಮ್ಮ ಚಾಪೆ ಹಾಕಿದ್ರೂ ಕೂರಲಿಲ್ಲ.

"ಮಂಡಿ ಉರೀತದೆ ಕಣ್ಲಾ ಆಡಾದ್ರೆ."

"ಉರಿಯೋದು ಮಂಡಿ ಅಲ್ಲ ಯಜಮಾನ್ರೆ."

"ಊಂ, ಗೊತ್ತಾಯ್ತು." ಚೀಲದಿಂದ ಗಡ್ಡ, ಜಟೆ, ತಾತನ ಕಾಲದ ಹಿತ್ತಾಳೆ ಕಮಂಡಲ ಒಂದೊಂದೇ ತೆಗೆದು ಜಗಲಿ ಮೇಲಿಟ್ರು. "ಗಡ್ಡ ಉದ್ದ ಆಯ್ತದೆ. ಕತ್ತರಿಸ್ಕೊ."

"ಮನೆತನದ್ದು ಅಂದ್ರಿ?"

"ಮನೇಲಿ ಕೇಳ್ದೆ. ನಮ್ಮ ಮನೇವ್ಳು ಏಳಿದ್ಲು, ಮೂರು ತಲೆಮಾರು ರಿಷಿ ಆದ್ರಿ, ಒಬ್ರಿಗೂ ಪದ ಸುತಿಗೆ ಸೇರ್ನಿಲ್ಲ ಅಂತ." ನಗೋಕೆ ನೋಡಿದ್ರು, ಆಗಲಿಲ್ಲ. "ಆಡನ್ನ ಮಕ್ಬೂಲ್ ಸಾಬ್ರು ಬಿದಿರಲ್ಲಿ ಕಟ್ಕೊಡ್ತಾರಂತೆ, ಫೋನ್ ಮಾಡಿದ್ದೆ. ಇನ್ಮೇಲೆ ಮನ್ಸರು ಯಾರೂ ಆಗದ್ ಬ್ಯಾಡ. ನಾನು ವಿಂಧ್ಯ ಆಯ್ತೀನಿ. ಏಣಿ ಬೇಕಾಗಿಲ್ಲ ನೋಡು ನಂಗೆ."

ಭಾವನಾ ಒಳಗಿಂದ ಕೇಳಿಸ್ಕೊಂಡ್ಳು. ಖುಷಿ ಪಡಲಿಲ್ಲ, ಅವಳಿಗೆ ಹೆದರಿಕೆ ಆಯ್ತು. ಯಜಮಾನ್ರು ಹೋದ ಮೇಲೆ ಬಂದು, "ಅಪ್ಪಾ, ನೀನು ರಿಷಿ ಆಗಿ ಬಂದಾಗ್ಲೂ ಅವ್ರು ಮ್ಯಾ ಅಂದ್ಬುಟ್ರೆ?" ಅಂದ್ಳು.

"ಅಂದ್ರೆ ಅನ್ಲಿ ಕಣವ್ವ. ಆಡಾಗಿ ಕೇಳಿದ್ದು ಆಯ್ತು, ರಿಷಿ ಆಗಿ ಕೇಳೋವ."

ಆಟದ ದಿನ ಶಾಮಿಯಾನ ತುಂಬಿ ಬಿಸಿಲಿಗೂ ಜನ ಚೆಲ್ಲಿದ್ರು. ಗುರುಪುರದಿಂದ, ಹಾರನಹಳ್ಳಿಯಿಂದ, ಟಿಬೆಟ್ ಕ್ಯಾಂಪಿಂದಲೂ ಬಂದಿದ್ರು. ಕಾಡಂಚಲ್ಲಿ ಎರಡು ಆನೆ ಕಿವಿ ಬೀಸ್ತಾ ನಿಂತಿದ್ವು ಅಂತಲೂ ಹೇಳ್ತಾರೆ. ಭಾವನಾ ಎಲ್ಲರಿಗಿಂತ ಹಿಂದೆ, ಮಕ್ಬೂಲರ ಲಾರಿ ಪಕ್ಕ ನಿಂತಿದ್ಳು. ಬೇಕಾದ್ರೆ ಓಡಿಹೋಗಬಹುದಲ್ಲ, ಅದಕ್ಕೆ.

ಬಿದಿರಿನ ಆಡನ್ನ ಗೂಟಕ್ಕೆ ಕಟ್ಟಿ ವಾತಾಪಿ ಕತೇನ ಮೇಷ್ಟ್ರು ಪದದಲ್ಲೇ ಹೇಳಿ ಮುಗಿಸಿದ್ರು, ಆಮೇಲೆ ವಿಂಧ್ಯ ಬಂತು. ಆರೂಕಾಲಡಿ ಆಳು, ಮೈತುಂಬ ಸೊಪ್ಪು, ತಲೆ ಮೇಲೆ ಎರಡಡಿ ಶಿಖರ. ಸೂರ್ಯನಾದ ನಂಜಯ್ಯ ನೆಲದ ಮೇಲೆ ಕಾಲೂರಿಕೊಂಡು ಪರಮ ಸಂತೋಷದಿಂದ ಗೋಳಾಡಿದ, ದಾರಿ ಬಿಡಪ್ಪ ಅಂತ. ಬೆಟ್ಟ ಬಿಡಲಿಲ್ಲ. ಆಗ ಪರದೆ ಸರೀತು. ಹಿಂದೆ ಮಕ್ಬೂಲರ ತಂದೆ ಬರೆದ ನೀಲಿ ಬೆಟ್ಟ, ಅದರ ಬುಡದಿಂದ ಅಗಸ್ತ್ಯರು ನಡ್ಕೊಂಡು ಬಂದ್ರು. ಮೂರೂವರೆ ಅಡಿ, ಮೊಣಕಾಲು ಮುಟ್ಟೋ ಗಡ್ಡ.

ನಗು ಬಂತು. ಬರದೆ ಇರ್ತದಾ. ಮುಂದಿನ ಸಾಲಿಂದ ಶುರುವಾಗಿ ಹಿಂದಕ್ಕೆ ಉರುಳ್ಕೊಂಡು ಹೋಯ್ತು. ಎಡಗಡೆಯಿಂದ ಒಂದು "ಮ್ಯಾ" ಕೂಡ ಬಂತು. ಭಾವನಾ ಲಾರಿ ಚಕ್ರದ ಹಿಂದಕ್ಕೆ ಸರಿದ್ಳು.

ಸೋಮ ನಿಂತ. ಮೂವತ್ತು ವರ್ಷ ನಗು ಕೇಳಿದ ಕಿವಿ ಅದು. ಎಲ್ಲಿ ಏರ್ತದೆ, ಎಲ್ಲಿ ಇಳೀತದೆ ಅಂತ ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಅದು ಇಳಿಯೋ ಜಾಗಕ್ಕೆ ಸರಿಯಾಗಿ ಕಾದು, ಮೈಕು ಪಕ್ಕಕ್ಕೆ ತಳ್ಳಿ, ದನಿ ಬಿಟ್ಟ.

"ಏರಿ ನಿಂತಿಹ ಗಿರಿಯೆ, ತಲೆಯ ತಗ್ಗಿಸು ಕೊಂಚ,
ತೆಂಕಣದ ಹಾದಿಯಲಿ ನನ್ನ ಜನರಿಹರು.
ಕೊಡದಲ್ಲಿ ಹುಟ್ಟಿದೆನು, ಕಡಲ ಕುಡಿದವ ನಾನು,
ಹೋಗಿ ಬರುವನ್ನೆಗಂ ಬಾಗಿಯೇ ಇರು ನೀನು."

ಶಾಮಿಯಾನ ಗಾಳಿ ತುಂಬಿ ಮೇಲೆದ್ದು, ಗೂಟಗಳು ಒಂದು ಗೇಣು ಕಿತ್ತು ಬಂದ್ವು. ಮಕ್ಬೂಲರ ಆಳುಗಳು ಓಡಿಹೋಗಿ ಹಗ್ಗ ಹಿಡ್ಕೊಂಡ್ರು. ನಗು ಎಲ್ಲಿ ಹೋಯ್ತೋ ಯಾರೂ ನೋಡಲಿಲ್ಲ. ಮುಂದಿನ ಸಾಲಲ್ಲಿ ಒಬ್ಬಳು ಮುದುಕಿ ಕೈ ಮುಗಿದ್ಳು, ಪಕ್ಕದೋಳು ಮುಗಿದ್ಳು, ಹಂಗೇ ಸಾಲು ಸಾಲು. ಚಿಕ್ಕಬಸಪ್ಪ ಬಗ್ಗಿದ್ರು. ನಾಟಕದ ಬಗ್ಗೋದಲ್ಲ. ಶಿಖರ ನೆಲ ಮುಟ್ಟೋ ತನಕ, ಅವರ ಹಣೆ ಸೋಮನ ಪಾದದ ಹತ್ರ ಬರೋ ತನಕ.

ಅಲ್ಲಿಂದ ಅಗಸ್ತ್ಯರು ರಂಗದ ಮೇಲೆ ಉಳಿಯೋ ಹಾಗಿಲ್ಲ. ಜನರ ನಡುವೆ ಇಳಿದು ತೆಂಕಣಕ್ಕೆ ನಡೀಬೇಕು, ವಾಪಸ್ ಬರಬಾರದು. ಚಿಕ್ಕಬಸಪ್ಪ ಆಗಿದ್ರೆ ಸೊಸೈಟಿ ಕಟ್ಟಡದ ಹಿಂದೆ ಹೋಗಿ ಬೀಡಿ ಹಚ್ತಿದ್ರು. ಸೋಮ ನಿಲ್ಲಲಿಲ್ಲ. ಜನ ದಾರಿ ಬಿಟ್ರು, ಅವನು ಹಾಡ್ಕೊಂಡೇ ನಡೆದ. ಶಾಮಿಯಾನ ದಾಟಿದ, ಲಾರಿ ದಾಟಿದ, ಅರಳಿಕಟ್ಟೆ ದಾಟಿದ, ರೋಡಿಗೆ ಬಿದ್ದ. ಹಿಂದೆ ನೂರು ಜನ. ಎದುರಿಗೆ ಬಂದ ಹುಣಸೂರು ಬಸ್ಸು ನಿಲ್ತು, ಕಂಡಕ್ಟರು ಟೋಪಿ ತೆಗೆದ.

ಇತ್ತ ರಂಗದ ಮೇಲೆ ಮೇಷ್ಟ್ರು ಮಂಗಳ ಹಾಡಿ ಪೆಟ್ಟಿಗೆ ಮುಚ್ಚಿದ್ರೂ ಬೆಟ್ಟ ಏಳಲಿಲ್ಲ. "ಏಳಣ್ಣಾ, ಮುಗೀತು" ಅಂದ ನಂಜಯ್ಯ.

"ರಿಷಿ ಬಂದ್ರಾ?"

"ಇಲ್ಲ, ಅವ್ನು ಓಯ್ತಾನೇ ಅವ್ನೆ."

"ಅಂಗಾದ್ರೆ ನಾನೆಂಗ್ಲಾ ಏಳ್ಲಿ" ಅಂದ್ರು ಚಿಕ್ಕಬಸಪ್ಪ, ಬಗ್ಗಿದಲ್ಲಿಂದಲೇ.

ಭಾವನಾ ಲಾರಿ ಹಿಂದಿಂದ ಈಚೆ ಬಂದು ಓಡಿದ್ಳು. ಜನಾನ ತಳ್ಕೊಂಡು ಮುಂದೆ ಹೋಗಿ, ಏದುಸಿರು ಬಿಡ್ತಾ, "ಅಪ್ಪಾ, ನಾಟ್ಕ ಮುಗೀತು, ವಾಪಸ್ ಬಾ" ಅಂದ್ಳು.

"ಎಂಗವ್ವಾ ಬರ್ಲಿ? ನಾನ್ ಬಂದ್ರೆ ಬೆಟ್ಟ ಎದ್ಬುಡ್ತದೆ."

ಅವಳು ಒಂದು ಸಲ ಹಿಂದೆ ನೋಡಿದ್ಳು. ಸ್ಕೂಲಿನೋರೆಲ್ಲ ಇದ್ರು, ಹಿಂದಿನ ಬೆಂಚಿನೋರೂ ಇದ್ರು. ಅಪ್ಪನ ಕೈಲಿದ್ದ ಹಿತ್ತಾಳೆ ಕಮಂಡಲ ಭಾರ ಇತ್ತು, ಅವನು ಅದನ್ನ ಕೈಯಿಂದ ಕೈಗೆ ಬದಲಾಯಿಸ್ತಿದ್ದ. ಅವಳು ಅದನ್ನ ಇಸ್ಕೊಂಡು ಎದೆಗೆ ಅವುಚಿ ಹಿಡಿದು, ಅಪ್ಪನ ಪಕ್ಕಕ್ಕೆ ಹೆಜ್ಜೆ ಹಾಕಿದ್ಳು.

ಗುರುಪುರದ ಸರ್ಕಲ್ಲು ಕಾಣೋವಷ್ಟೊತ್ತಿಗೆ ಹಿಂದಿನ ಬೆಂಚಿನ ಸುಕನ್ಯ ಓಡೋಡ್ತಾ ಪಕ್ಕಕ್ಕೆ ಬಂದ್ಳು.

"ಭಾವನಾ, ಸ್ವಲ್ಪ ದೂರ ನಾನ್ ಇಡ್ಕಳ್ಳಾ ಅದ್ನ?"

"ಬ್ಯಾಡ" ಅಂದ್ಳು ಭಾವನಾ. "ನಮ್ಮಪ್ಪಂದು, ನಾನೇ ಇಡ್ಕತೀನಿ."